ಜಲಬಾಧೆ

ಕನ್ನಡ ಮಾತು ಕೆಲವು ವಿಷಯಗಳಲ್ಲಿ ಬಹಳ ಮರ್ಯಾದಸ್ಥ. ಶಾಲೆಯ ಹುಡುಗ ಎದ್ದುನಿಂತು ಕಿರುಬೆರಳನ್ನು ಮೇಲೆತ್ತಿ, ‘ಸಾರ್, ಒಂದಕ್ಕೆ’ ಎಂದರೆ ಸಾಕು. ಮಿಕ್ಕದ್ದು ಉಪಾಧ್ಯಾಯರಿಗೆ ತಿಳಿಯುತ್ತದೆ. ದೊಡ್ಡವರಾದ ಮೇಲೆ ಅದೇ ಅಗತ್ಯಕ್ಕೆ ‘ಜಲಬಾಧೆ’ ಎಂಬ ಗಂಭೀರವಾದ ಸಮಾಸಪದ ಒದಗಿ ಬರುತ್ತದೆ. ಯೌವನದಲ್ಲಿ ಈ ಪದದ ಪೂರ್ವಾರ್ಧ ಮಾತ್ರ ನಿಜ. ಉತ್ತರಾರ್ಧ ಬರಿಯ ಅಲಂಕಾರ. ಅರವತ್ತು ದಾಟಿದ ಮೇಲೆ ಅಲಂಕಾರ ಕಳಚಿಬಿದ್ದು ವಾಚ್ಯಾರ್ಥವೇ ನಿಲ್ಲುತ್ತದೆ. ಆಗ ಜಲವೂ ಉಂಟು, ಬಾಧೆಯೂ ಉಂಟು. ಬಾಯಿಬಿಟ್ಟು ಹೇಳುವುದಕ್ಕೆ ಮಾತು ಮಾತ್ರ ಇಲ್ಲ.

ಶ್ರೀರಂಗಪಟ್ಟಣದ ಪಕ್ಕದ ಕಿರಂಗೂರಿನಲ್ಲಿ ನೆಲೆಸಿರುವ ಒಬ್ಬ ನಿವೃತ್ತ ಮೇಷ್ಟರನ್ನು ಓದುಗರು ಕಲ್ಪಿಸಿಕೊಳ್ಳಲಿ. ಹೆಸರು ಬೇಡ, ಅಂಥವರು ಪ್ರತಿಯೊಂದು ಊರಿನಲ್ಲಿಯೂ ಇದ್ದಾರೆ. ಮೂವತ್ತೈದು ವರ್ಷ ಮಕ್ಕಳ ಕಿರುಬೆರಳಿಗೆ ತಲೆಯಾಡಿಸಿ ಅನುಮತಿ ಕೊಟ್ಟವರು. ಈಗ ಅವರು ಯಾವ ಮದುವೆಗೆ ಹೋದರೂ ಛತ್ರದ ಕೊನೆಯ ಸಾಲಿನಲ್ಲಿ, ಬಾಗಿಲ ಪಕ್ಕದ ಕುರ್ಚಿಯನ್ನು ಹಿಡಿಯುತ್ತಾರೆ. ಬಸ್ಸು ಹತ್ತುವ ಮುಂಚೆ ಎರಡು ಗಂಟೆ ನೀರು ಮುಟ್ಟುವುದಿಲ್ಲ. ದಸರೆಯ ಜಂಬೂಸವಾರಿ ಅವರ ಊರಿನ ಬನ್ನಿಮಂಟಪದಿಂದಲೇ ಹೊರಡುತ್ತದೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ಉತ್ಸವದ ನೆನಪನ್ನು ಉಳಿಸಿಕೊಂಡು ಬಂದಿರುವ ಆ ಮೆರವಣಿಗೆಯನ್ನು ಕಣ್ತುಂಬ ನೋಡುವುದು ಅವರಿಗೆ ಹಿಂದೆ ದೊಡ್ಡ ಹಬ್ಬ. ಈಗ ಆನೆ ಬರುವವರೆಗೆ ಒಂದೇ ಕಡೆ ನಿಂತಿರುವುದು ಸಾಧ್ಯವಾಗದೆ, ‘ಜನ ಜಾಸ್ತಿ, ಧೂಳು’ ಎಂದು ನೆಪ ಹೇಳಿ ಮನೆಯಲ್ಲಿಯೇ ಉಳಿಯುತ್ತಾರೆ. ರಾತ್ರಿ ನಾಲ್ಕು ಬಾರಿ ಹಿತ್ತಿಲ ಬಾಗಿಲಿನ ಚಿಲಕ ಸದ್ದುಮಾಡುತ್ತದೆ. ನೆರೆಯವರೊಡನೆ ಒಮ್ಮೆ ಸೂಕ್ಷ್ಮವಾಗಿ ಪ್ರಸ್ತಾಪಿಸಿದಾಗ ಬಂದ ಉತ್ತರ ಇಷ್ಟು: ‘ವಯಸ್ಸಾಯ್ತಲ್ಲ ಮೇಷ್ಟ್ರೇ, ಇದೆಲ್ಲ ಇದ್ದದ್ದೇ.’

ಇದೆಲ್ಲ ಇದ್ದದ್ದೇ ಎಂಬುದೇನೋ ಅರ್ಧ ನಿಜ. ಗಂಡಸಿನ ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದು, ಪ್ರಾಸ್ಟೇಟ್ ಎಂಬ ಗ್ರಂಥಿಯೊಂದಿದೆ. ತಾರುಣ್ಯದಲ್ಲಿ ಅದರ ತೂಕ ಸುಮಾರು 20 ಗ್ರಾಮು. ತಲೆಗೂದಲು ನರೆಯುವ ಕಾಲಕ್ಕೆ, ಯಾರ ಅಪ್ಪಣೆಯನ್ನೂ ಕೇಳದೆ, ಅದು ಬೆಳೆಯತೊಡಗುತ್ತದೆ. ಅರವತ್ತರ ಹೊತ್ತಿಗೆ ಸುಮಾರು ಅರ್ಧದಷ್ಟು ಗಂಡಸರಲ್ಲಿ ಈ ಬೆಳವಣಿಗೆಯ ಗುರುತು ಕಾಣುತ್ತದೆ. ಎಂಬತ್ತು ದಾಟಿದವರಲ್ಲಿ ಅದಿಲ್ಲದವರೇ ವಿರಳ. ಇದು ಕ್ಯಾನ್ಸರ್ ಅಲ್ಲ, ಕ್ಯಾನ್ಸರಿಗೆ ಮೊದಲ ಮೆಟ್ಟಿಲೂ ಅಲ್ಲ. ಆದರೆ ನಾಲೆಯ ತೂಬಿಗೆ ಮಣ್ಣು ಮೆತ್ತಿದ ಹಾಗೆ ದಾರಿ ಇಕ್ಕಟ್ಟಾಗುತ್ತದೆ. ಧಾರೆ ತೆಳುವಾಗುತ್ತದೆ, ಆರಂಭವಾಗುವುದಕ್ಕೆ ಕಾಯಬೇಕಾಗುತ್ತದೆ, ಮುಗಿಯಿತೆಂದುಕೊಂಡ ಮೇಲೆಯೂ ತೊಟ್ಟಿಕ್ಕುತ್ತದೆ. ವಿಶ್ವೇಶ್ವರಯ್ಯ ನಾಲೆಯ ನೀರು ಕುಡಿದು ಬೆಳೆದ ಸೀಮೆಯವರಿಗೆ ಈ ಹೋಲಿಕೆಯನ್ನು ಹೆಚ್ಚು ವಿವರಿಸಬೇಕಾಗಿಲ್ಲ. ತೂಬು ಕಟ್ಟಿದರೆ ತೊಂದರೆ ಗದ್ದೆಗಷ್ಟೇ ಅಲ್ಲ, ಹಿಂದೆ ನಿಂತ ನೀರಿನಿಂದ ಏರಿಗೂ ಅಪಾಯ. ಮೂತ್ರಕೋಶ ವರ್ಷಗಟ್ಟಲೆ ಒತ್ತಿ ಒತ್ತಿ ಬಳಲುತ್ತದೆ. ಒಳಗೆ ಉಳಿದ ಮೂತ್ರದಲ್ಲಿ ಸೋಂಕು ಹುಟ್ಟುತ್ತದೆ, ಕಲ್ಲು ಕಟ್ಟುತ್ತದೆ. ಕೆಲವರಲ್ಲಿ ಒತ್ತಡ ಮೇಲಕ್ಕೇರಿ, ನೋವಿನ ಸುಳಿವೂ ಇಲ್ಲದೆ, ಮೂತ್ರಪಿಂಡಗಳೇ ಕೆಡುತ್ತವೆ. ‘ಇದ್ದದ್ದೇ’ ಎಂದವರ ಮಾತಿನ ಇನ್ನರ್ಧ ಸುಳ್ಳಾಗುವುದು ಇಲ್ಲಿ.

ಈ ಬಾಧೆ ಹೊಸದೂ ಅಲ್ಲ. ಗುದಕ್ಕೂ ಮೂತ್ರಾಶಯಕ್ಕೂ ನಡುವೆ ಕಲ್ಲಿನಂತೆ ಗಟ್ಟಿಯಾದ ಗಂಟು ಎದ್ದು ಮೂತ್ರವನ್ನು ತಡೆಯುವುದನ್ನು ಸುಶ್ರುತ ಸಂಹಿತೆ ‘ವಾತಾಷ್ಠೀಲಾ’ ಎಂಬ ಹೆಸರಿನಿಂದ ಮೂತ್ರಾಘಾತಗಳ ಪಟ್ಟಿಯಲ್ಲಿ ಸೇರಿಸಿದೆ. ಇಡೀ ಗಂಟನ್ನು ಶಸ್ತ್ರದಿಂದ ಬಿಡಿಸಿ ತೆಗೆಯುವ ವಿಧಾನವನ್ನು 1900ರಿಂದ ಲಂಡನ್ನಿನಲ್ಲಿ ಪ್ರಚಾರಕ್ಕೆ ತಂದ ಪೀಟರ್ ಫ್ರೇಯರ್ ಎಂಬ ಐರಿಷ್ ವೈದ್ಯ, ಅದಕ್ಕೆ ಮುಂಚೆ ಸುಮಾರು ಇಪ್ಪತ್ತು ವರ್ಷ ಭಾರತದಲ್ಲಿಯೇ ಸರಕಾರಿ ಸೇವೆಯಲ್ಲಿದ್ದವನು. ರಾಜಕಾರಣಿಗಳನ್ನೂ ಅರಸರನ್ನೂ ಈ ಗ್ರಂಥಿ ಬಿಟ್ಟಿಲ್ಲ. 1963ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಪ್ರಧಾನಿ ಹೆರಾಲ್ಡ್ ಮ್ಯಾಕ್‌ಮಿಲನ್ ಹಠಾತ್ತನೆ ಹಾಸಿಗೆ ಹಿಡಿದು, ಇದು ಕ್ಯಾನ್ಸರೇ ಇರಬೇಕೆಂದು ಹೆದರಿ, ಪದವಿಗೆ ರಾಜೀನಾಮೆ ಕೊಟ್ಟರು. ಶಸ್ತ್ರಚಿಕಿತ್ಸೆಯಾದ ಮೇಲೆ ನೋಡಿದರೆ ಅದು ನಿರಪಾಯದ ಗ್ರಂಥಿವೃದ್ಧಿ! ಅವರು ಇನ್ನೂ 23 ವರ್ಷ ಬದುಕಿದ್ದು, 1986ರಲ್ಲಿ ತಮ್ಮ 92ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅದೇ ದೇಶದ ಅರಸ ಮೂರನೆಯ ಚಾರ್ಲ್ಸ್ 2024ರ ಜನವರಿಯಲ್ಲಿ ತಮಗೆ ಪ್ರಾಸ್ಟೇಟ್ ದೊಡ್ಡದಾಗಿದೆಯೆಂದೂ ಚಿಕಿತ್ಸೆಗೆ ಹೋಗುವುದಾಗಿಯೂ ಮುಚ್ಚುಮರೆಯಿಲ್ಲದೆ ಪ್ರಕಟಿಸಿದಾಗ, ಅಲ್ಲಿಯ ಜನ ಈ ವಿಷಯವನ್ನು ತಿಳಿದುಕೊಳ್ಳುವುದಕ್ಕೆ ಮುಗಿಬಿದ್ದರು. ಅರಸ ಹೇಳಬಹುದಾದದ್ದನ್ನು ಕಿರಂಗೂರಿನ ಮೇಷ್ಟರು ಮಡದಿಯೊಡನೆಯಾದರೂ ಹೇಳಬಾರದೇ?

ಕೊನೆಗೆ ಬಾಯಿ ತೆರೆದವರು ಮಡದಿಯೇ. ‘ರಾತ್ರಿಯೆಲ್ಲ ನಿಮಗೂ ನಿದ್ದೆ ಇಲ್ಲ, ನನಗೂ ನಿದ್ದೆ ಇಲ್ಲ. ಡಾಕ್ಟರ ಹತ್ತಿರ ಹೋದರೆ ಯಾರ ಗಂಟು ಹೋಗ್ತದೆ?’ ಎಂದು ಅವರು ಮಗನಿಗೆ ಫೋನು ಮಾಡಿದ ದಿನದಿಂದ ಮನೆಯಲ್ಲಿ ಎರಡನೆಯ ಸಮಸ್ಯೆ ಆರಂಭವಾಗುತ್ತದೆ: ಹೋಗುವುದು ಎಲ್ಲಿಗೆ?

ಸಲಹೆಗಳಿಗೆ ಬರವಿಲ್ಲ. ಔಷಧಿ ಅಂಗಡಿಯವನು ಚೀಟಿಯಿಲ್ಲದೆಯೇ ಒಂದು ಮಾತ್ರೆಯನ್ನು ಕೊಡಲು ಸಿದ್ಧ. ಶ್ರೀರಂಗಪಟ್ಟಣದ ತಾಲ್ಲೂಕು ಆಸ್ಪತ್ರೆ ಪಕ್ಕದಲ್ಲಿಯೇ ಇದೆ. ಮಂಡ್ಯದಲ್ಲಿ 2006ರಲ್ಲಿ ಆರಂಭವಾದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧನಾಸ್ಪತ್ರೆ ಇದೆ. ನಾಗಮಂಗಲದ ಕಡೆಯ ನಂಟರು ಬೆಳ್ಳೂರಿನ ಆದಿಚುಂಚನಗಿರಿ ಆಸ್ಪತ್ರೆಯ ಹೆಸರು ಹೇಳುತ್ತಾರೆ. ಮೈಸೂರು ಇಪ್ಪತ್ತು ಕಿಲೋಮೀಟರಿನ ಒಳಗೆ. ಅಲ್ಲಿ 1924ರಷ್ಟು ಹಿಂದೆ ಸ್ಥಾಪಿತವಾದ ವೈದ್ಯಕೀಯ ಕಾಲೇಜಿಗೆ ಸೇರಿದ ಕೃಷ್ಣರಾಜೇಂದ್ರ ಆಸ್ಪತ್ರೆಯಿಂದ ಹಿಡಿದು ಬೀದಿ ಬೀದಿಯ ನರ್ಸಿಂಗ್ ಹೋಮುಗಳವರೆಗೆ ಎಲ್ಲವೂ ಉಂಟು. ಬೆಂಗಳೂರಿನಲ್ಲಿರುವ ಮಗನ ಮಾತು ಬೇರೆ: ‘ಅಪ್ಪಾ, ಇಲ್ಲಿಗೇ ಬಂದುಬಿಡಿ. ಹೈವೇ ಆದ ಮೇಲೆ ಎಷ್ಟು ಹೊತ್ತಿನ ದಾರಿ? ದೊಡ್ಡ ಆಸ್ಪತ್ರೆ, ಒಂದೇ ಕಡೆ ಎಲ್ಲ ಆಗ್ತದೆ.’ 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಆ ದಶಪಥ ಹೆದ್ದಾರಿಯ ವೇಗವನ್ನು ಮಗ ಹೊಗಳುತ್ತಿದ್ದರೆ, ತಂದೆ ಮನಸ್ಸಿನಲ್ಲಿಯೇ ಬೇರೊಂದು ಲೆಕ್ಕ ಹಾಕುತ್ತಿದ್ದಾರೆ: ಆ ದಾರಿಯಲ್ಲಿ ಕಾರನ್ನು ಎಲ್ಲೆಲ್ಲಿ ನಿಲ್ಲಿಸಬಹುದು?

ಇವೆಲ್ಲದರ ನಡುವೆ ಮತ್ತೊಂದು ಬಗೆಯ ಬಾಗಿಲೂ ಇದೆ. ಮೂತ್ರರೋಗಗಳಲ್ಲಿ ಪರಿಣತಿ ಪಡೆದ ಒಬ್ಬರೇ ವೈದ್ಯರು, ಅಥವಾ ಇಬ್ಬರು ಮೂವರು ಕೂಡಿ, ಯಾವ ದೊಡ್ಡ ಸಂಸ್ಥೆಯ ಹಂಗೂ ಇಲ್ಲದೆ ನಡೆಸುವ ಸಣ್ಣ ಚಿಕಿತ್ಸಾಲಯ. ಹೊರಗೆ ಹತ್ತು ಕುರ್ಚಿ, ಒಳಗೆ ಒಂದು ಸ್ಕ್ಯಾನಿಂಗ್ ಯಂತ್ರ, ಪಕ್ಕದಲ್ಲಿ ಶೌಚಾಲಯ. ಇಲ್ಲಿಯ ದೊಡ್ಡ ಅನುಕೂಲವೆಂದರೆ ಹೋದಾಗಲೆಲ್ಲ ಅದೇ ವೈದ್ಯರು ಸಿಗುತ್ತಾರೆ. ಸಂಕೋಚದ ಕಾಯಿಲೆಗೆ ಇದು ಸಣ್ಣ ಮಾತಲ್ಲ. ಒಬ್ಬರ ಮುಂದೆ ಒಮ್ಮೆ ನಾಚಿಕೆ ಬಿಟ್ಟರೆ ಸಾಕು; ಪ್ರತಿ ತಿಂಗಳೂ ಹೊಸಬರ ಮುಂದೆ ಹೊಸದಾಗಿ ನಾಚಿಕೆ ಬಿಡುವ ಕಷ್ಟವಿಲ್ಲ. ಹಾಗೆಂದು ಸಣ್ಣದೆಲ್ಲ ಸಜ್ಜನ, ದೊಡ್ಡದೆಲ್ಲ ದುರ್ಜನ ಎಂದು ಭಾವಿಸುವುದೂ ಮೌಢ್ಯವೇ. ಸಣ್ಣ ಚಿಕಿತ್ಸಾಲಯದಲ್ಲಿ ತೀವ್ರ ನಿಗಾ ಘಟಕ ಇರುವುದಿಲ್ಲ. ವೈದ್ಯರು ಊರಿಗೆ ಹೋದರೆ ಬಾಗಿಲು ಮುಚ್ಚುತ್ತದೆ. ಸರಕಾರದ ಆರೋಗ್ಯ ಯೋಜನೆಯ ಪಟ್ಟಿಯಲ್ಲಿ ಅದರ ಹೆಸರಿಲ್ಲದಿದ್ದರೆ ಕಾರ್ಡು ಇದ್ದೂ ಕೈಯಿಂದ ಹಣ ಕೊಡಬೇಕಾಗುತ್ತದೆ. ಹೃದಯದ ತೊಂದರೆ ಇರುವವರಿಗೆ, ಕ್ಯಾನ್ಸರಿನ ಚಿಕಿತ್ಸೆ ಬೇಕಾದವರಿಗೆ ದೊಡ್ಡ ಆಸ್ಪತ್ರೆಯೇ ಸರಿ. ಆದುದರಿಂದ ಕೇಳಬೇಕಾದದ್ದು ಕಟ್ಟಡ ಎಷ್ಟು ದೊಡ್ಡದೆಂಬುದನ್ನಲ್ಲ. ಒಳಗೆ ಕುಳಿತವರು ಹೇಗೆ ಕೆಲಸ ಮಾಡುತ್ತಾರೆಂಬುದನ್ನು.

ಮೊದಲು ಹೆಸರಿನ ಮುಂದಿರುವ ಅಕ್ಷರಗಳನ್ನು ಓದಬೇಕು. ಮೇಷ್ಟರಿಗೆ ಅಕ್ಷರ ಓದುವುದನ್ನು ಯಾರೂ ಕಲಿಸಬೇಕಾಗಿಲ್ಲ. ಈ ವಿಷಯದ ತಜ್ಞರು ಎಂ.ಬಿ.ಬಿ.ಎಸ್., ಎಂ.ಎಸ್. ಮುಗಿಸಿದ ಮೇಲೆ ಸಾಮಾನ್ಯವಾಗಿ ಮತ್ತೆ ಮೂರು ವರ್ಷ ಯೂರಾಲಜಿಯನ್ನೇ ಓದಿ, ಎಂ.ಸಿಎಚ್. ಅಥವಾ ಅದಕ್ಕೆ ಸಮನಾದ ರಾಷ್ಟ್ರೀಯ ಮಂಡಳಿಯ ಪದವಿಯನ್ನು ಪಡೆದಿರುತ್ತಾರೆ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಂತೆ ಪ್ರತಿ ಖಾಸಗಿ ಚಿಕಿತ್ಸಾಲಯವೂ ನೋಂದಣಿಯಾಗಿರಬೇಕು. ನೋಂದಣಿ ಪತ್ರ ಗೋಡೆಯ ಮೇಲೆ ಕಾಣುವಂತಿರಬೇಕು. ‘ಒಂದೇ ದಿನದಲ್ಲಿ ಲೇಸರ್, ನೋವಿಲ್ಲ, ಭಯವಿಲ್ಲ’ ಎಂಬ ಹಲಗೆ ದೊಡ್ಡದಾಗಿದ್ದು ಆ ಪತ್ರ ಎಲ್ಲಿಯೂ ಕಾಣದಿದ್ದರೆ, ಬಂದ ದಾರಿಯಲ್ಲಿಯೇ ಹಿಂತಿರುಗುವುದು ಲೇಸು.

ಎರಡನೆಯ ಪರೀಕ್ಷೆ ಇನ್ನೂ ಸುಲಭ. ವೈದ್ಯರು ಮೊದಲು ಕಿವಿಯನ್ನು ಉಪಯೋಗಿಸುತ್ತಾರೋ, ಯಂತ್ರವನ್ನೋ? 1992ರಲ್ಲಿ ಅಮೆರಿಕದ ಮೂತ್ರರೋಗ ತಜ್ಞರ ಸಂಘ ಏಳು ಪ್ರಶ್ನೆಗಳ ಒಂದು ಪಟ್ಟಿಯನ್ನು ಸಿದ್ಧಪಡಿಸಿತು; ಇಂದು ಲೋಕದಾದ್ಯಂತ ಬಳಕೆಯಲ್ಲಿರುವುದು ಅದೇ. ಧಾರೆ ತೆಳುವೇ, ನಡುವೆ ನಿಲ್ಲುತ್ತದೆಯೇ, ರಾತ್ರಿ ಎಷ್ಟು ಸಲ ಏಳುತ್ತೀರಿ ಎಂದು ಕೇಳಿ ಒಟ್ಟು 35 ಅಂಕಗಳಿಗೆ ಲೆಕ್ಕ ಹಾಕುವುದು. ಏಳರವರೆಗೆ ಸೌಮ್ಯ, ಎಂಟರಿಂದ ಹತ್ತೊಂಬತ್ತು ಮಧ್ಯಮ, ಇಪ್ಪತ್ತಾದರೆ ತೀವ್ರ. ಜೀವನವೆಲ್ಲ ಅಂಕ ಹಾಕಿದ ಮೇಷ್ಟರಿಗೆ ಈ ಪರೀಕ್ಷೆಯಲ್ಲಿ ಮಾತ್ರ ಕಡಿಮೆ ಅಂಕ ಬಂದರೆ ಸಂತೋಷ. ಇದರ ಜೊತೆಗೆ ಎಂಟನೆಯದೊಂದು ಪ್ರಶ್ನೆ ಇದೆ: ಉಳಿದ ಆಯುಸ್ಸನ್ನೆಲ್ಲ ಹೀಗೆಯೇ ಕಳೆಯಬೇಕಾದರೆ ನಿಮಗೆ ಹೇಗೆನಿಸುತ್ತದೆ? ಗ್ರಂಥಿಯ ಗಾತ್ರಕ್ಕಿಂತ ಎಷ್ಟೋ ಸಲ ಈ ಪ್ರಶ್ನೆಯ ಉತ್ತರವೇ ಮುಂದಿನ ದಾರಿಯನ್ನು ನಿರ್ಧರಿಸುತ್ತದೆ.

ಒಳ್ಳೆಯ ವೈದ್ಯರು ಇನ್ನೊಂದು ಮನೆಪಾಠವನ್ನೂ ಕೊಡುತ್ತಾರೆ. ಮೂರು ದಿನ, ಹಗಲೂ ರಾತ್ರಿ, ಹೊತ್ತು ಹೊತ್ತಿಗೆ ಹೋದ ಮೂತ್ರವನ್ನು ಅಳತೆಯ ಪಾತ್ರೆಯಲ್ಲಿ ಅಳೆದು, ಗಂಟೆಯೊಡನೆ ಪುಸ್ತಕದಲ್ಲಿ ಬರೆದು ತರಬೇಕು. ಹಾಸ್ಯಾಸ್ಪದವೆನಿಸುವ ಈ ದಿನಚರಿ ಅನೇಕರನ್ನು ಕತ್ತರಿಯಿಂದ ಪಾರುಮಾಡಿದೆ. ದಿನದ ಒಟ್ಟು ಮೂತ್ರದಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ರಾತ್ರಿಯೇ ಬರುತ್ತಿದ್ದರೆ, ಅಪರಾಧಿ ಪ್ರಾಸ್ಟೇಟ್ ಅಲ್ಲದಿರಬಹುದು. ಸಂಜೆ ಕಾಲು ಊದಿ ಮಲಗಿದ ಮೇಲೆ ಆ ನೀರು ರಕ್ತಕ್ಕೆ ಮರಳುವುದು, ಹೃದಯದ ದೌರ್ಬಲ್ಯ, ಗೊರಕೆಯೊಡನೆ ಉಸಿರು ಕಟ್ಟುವ ನಿದ್ರೆ ಇವುಗಳಲ್ಲಿ ಯಾವುದಾದರೂ ಕಾರಣವಾಗಿರಬಹುದು; ಸಕ್ಕರೆ ಕಾಯಿಲೆಯಲ್ಲಿಯಂತೂ ಹಗಲಿರುಳೂ ಮೂತ್ರ ಹೆಚ್ಚು. ಅಂಥವರಿಗೆ ಗ್ರಂಥಿಯನ್ನು ಕೊರೆದು ತೆಗೆದರೂ ರಾತ್ರಿಯ ಚಿಲಕದ ಸದ್ದು ನಿಲ್ಲುವುದಿಲ್ಲ. ಪುಸ್ತಕವನ್ನು ನೋಡದೆಯೇ ಶಸ್ತ್ರಕ್ರಿಯೆಯ ದಿನ ಗೊತ್ತುಮಾಡುವವರ ಬಳಿ ಅವಸರಪಡಬಾರದೆಂಬುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಆಮೇಲೆ ಪರೀಕ್ಷೆಗಳು. ಬೆರಳಿನಿಂದ ಗ್ರಂಥಿಯನ್ನು ಮುಟ್ಟಿ ನೋಡುವುದು ಅರ್ಧ ನಿಮಿಷದ ಕೆಲಸ. ಅದಕ್ಕೆ ಹೆದರಿ ಅರ್ಧ ಆಯುಸ್ಸು ಮುಂದೂಡುವವರಿದ್ದಾರೆ. ಮೂತ್ರಪರೀಕ್ಷೆ, ಮೂತ್ರ ಮಾಡಿದ ಮೇಲೆ ಒಳಗೆಷ್ಟು ಉಳಿದಿದೆಯೆಂದು ತಿಳಿಯುವ ಸ್ಕ್ಯಾನಿಂಗ್, ಧಾರೆಯ ವೇಗವನ್ನು ಅಳೆಯುವ ಯಂತ್ರ ಇವು ಸಣ್ಣ ಚಿಕಿತ್ಸಾಲಯದಲ್ಲಿಯೂ ಸಾಧ್ಯ. ವೇಗ ಸೆಕೆಂಡಿಗೆ 15 ಮಿಲಿಲೀಟರಿಗೆ ಮೇಲಿದ್ದರೆ ಸಾಮಾನ್ಯವಾಗಿ ತೃಪ್ತಿಕರ. ಹತ್ತಕ್ಕಿಂತ ಕಡಿಮೆಯಿದ್ದರೆ ದಾರಿ ಇಕ್ಕಟ್ಟಾಗಿರಬೇಕು, ಇಲ್ಲವೆ ಮೂತ್ರಕೋಶವೇ ಸೋತಿರಬೇಕು. ಪಿ.ಎಸ್.ಎ. ಎಂಬ ರಕ್ತಪರೀಕ್ಷೆಯ ವಿಷಯದಲ್ಲಿ ವೈದ್ಯರ ಮಾತು ಮುಖ್ಯ. ಈ ಅಂಕಿ ಕ್ಯಾನ್ಸರಿನಲ್ಲಿ ಏರುವುದುಂಟು. ನಿರಪಾಯದ ವೃದ್ಧಿಯಲ್ಲಿಯೂ, ಸೋಂಕಿನಲ್ಲಿಯೂ, ಮೂತ್ರ ಕಟ್ಟಿದಾಗಲೂ ಏರುವುದುಂಟು. ಪರೀಕ್ಷೆಗೆ ಮುಂಚೆಯೇ ಇದನ್ನು ತಿಳಿಸಿ ಹೇಳುವವರು ಮ್ಯಾಕ್‌ಮಿಲನ್ನರಿಗಾದ ಹೆದರಿಕೆಯಿಂದ ರೋಗಿಯನ್ನು ಉಳಿಸುತ್ತಾರೆ.

ಔಷಧಿಯಲ್ಲಿಯೂ ಎರಡು ಬಗೆ. ಟ್ಯಾಮ್ಸುಲೋಸಿನ್ ಮುಂತಾದವು ಕೆಲವೇ ದಿನಗಳಲ್ಲಿ ದಾರಿಯನ್ನು ಸಡಿಲಿಸುತ್ತವೆ, ಆದರೆ ಥಟ್ಟನೆ ಎದ್ದುನಿಂತರೆ ತಲೆ ಸುತ್ತಬಹುದು. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಮುಂಚೆ ಕಣ್ಣಿನ ವೈದ್ಯರಿಗೆ ಈ ಮಾತ್ರೆಯ ವಿಷಯವನ್ನು ತಪ್ಪದೆ ತಿಳಿಸಬೇಕು. ಫಿನಾಸ್ಟರೈಡ್ ಗ್ರಂಥಿಯನ್ನೇ ಕುಗ್ಗಿಸುತ್ತದೆ, ಆದರೆ ಆರು ತಿಂಗಳ ತಾಳ್ಮೆಯನ್ನು ಬೇಡುತ್ತದೆ, ಪಿ.ಎಸ್.ಎ. ಅಂಕಿಯನ್ನೂ ಸುಮಾರು ಅರ್ಧಕ್ಕೆ ಇಳಿಸಿಬಿಡುತ್ತದೆ. ಇವುಗಳಿಂದ ನಿಭಾಯಿಸದಿದ್ದಾಗ ಮೂತ್ರದ ದಾರಿಯಿಂದಲೇ ಉಪಕರಣವನ್ನು ಸೇರಿಸಿ, ಹೊರಗೆ ಗಾಯವಿಲ್ಲದೆ, ಗ್ರಂಥಿಯನ್ನು ತೆಗೆಯುವ ಶಸ್ತ್ರಚಿಕಿತ್ಸೆ ಇದೆ. ಲೇಸರೂ ಅದೇ ದಾರಿಯ ಇನ್ನೊಂದು ಉಪಕರಣ. ಇದಾದ ಮೇಲೆ ವೀರ್ಯ ಹೊರಬರದೆ ಹಿಂದಕ್ಕೆ ಮೂತ್ರಕೋಶಕ್ಕೆ ಹೋಗುವುದು ಸಾಮಾನ್ಯ. ಈ ಮಾತನ್ನು ಮೊದಲೇ ಹೇಳದೆ ನಗುನಗುತ್ತ ಸಹಿ ಹಾಕಿಸಿಕೊಳ್ಳುವವರಿಗಿಂತ, ತುಸು ಮುಖ ಗಂಭೀರ ಮಾಡಿಕೊಂಡು ಹೇಳುವವರು ಮೇಲು. ಶಸ್ತ್ರಚಿಕಿತ್ಸೆ ಎಲ್ಲಿ ನಡೆಯುತ್ತದೆ, ಅರಿವಳಿಕೆ ಕೊಡುವವರು ಯಾರು, ತೆಗೆದ ತುಣುಕು ಪರೀಕ್ಷೆಗೆ ಹೋಗುತ್ತದೆಯೇ, ಒಟ್ಟು ವೆಚ್ಚವೆಷ್ಟು, ಅಪರಾತ್ರಿಯಲ್ಲಿ ರಕ್ತ ಬಂದರೆ ಫೋನು ಎತ್ತುವವರಾರು ಎಂಬ ಐದು ಪ್ರಶ್ನೆಗಳನ್ನು ಮಗ ಚೀಟಿಯಲ್ಲಿ ಬರೆದುಕೊಂಡು ಹೋಗಲಿ. ಸಿಟ್ಟಾಗದೆ ಐದಕ್ಕೂ ಉತ್ತರ ಹೇಳುವ ವೈದ್ಯರು ಸಿಕ್ಕರೆ ಆಯ್ಕೆ ಬಹುಮಟ್ಟಿಗೆ ಮುಗಿದಂತೆಯೇ. ‘ಇದು ನನ್ನ ಕೈಮೀರಿದ್ದು, ಇಂಥ ಕಡೆ ಕಳಿಸುತ್ತೇನೆ’ ಎನ್ನಬಲ್ಲವರಾದರೆ ಇನ್ನೂ ಒಳ್ಳೆಯದು.

ಆದರೆ ಎಷ್ಟೋ ಮನೆಗಳಲ್ಲಿ ಆಯ್ಕೆಗೆ ಅವಕಾಶವೇ ಉಳಿದಿರುವುದಿಲ್ಲ. ನೆಗಡಿಯೆಂದು ಅಂಗಡಿಯಿಂದ ತಂದ ಮಾತ್ರೆಯೊಂದು ಸಾಕು, ಇಕ್ಕಟ್ಟಾಗಿದ್ದ ದಾರಿ ಪೂರ್ತಿ ಮುಚ್ಚಿಹೋಗುವುದಕ್ಕೆ. ಒಂದು ರಾತ್ರಿ ಹನಿಯೂ ಬರುವುದಿಲ್ಲ. ಹೊಟ್ಟೆ ಬಿಗಿದು, ಮೈ ಬೆವೆತು, ಎಂಥ ಧೀರನೂ ಅಳುತ್ತಾನೆ. ಆಗ ಯಾವ ವೈದ್ಯರು ಉತ್ತಮರೆಂದು ವಿಚಾರಿಸುವ ಹೊತ್ತಲ್ಲ. ಹತ್ತಿರದ ಆಸ್ಪತ್ರೆಯಲ್ಲಿ ನಳಿಕೆ ಹಾಕಿಸಿಕೊಂಡರೆ ಪ್ರಾಣ ಬಂದಂತಾಗುತ್ತದೆ. ಆದರೆ ಆ ನೋವಿನಲ್ಲಿ, ಆ ಕೃತಜ್ಞತೆಯಲ್ಲಿ, ಯಾರು ಎಲ್ಲಿಗೆ ಸಹಿ ಹಾಕೆಂದರೂ ಹಾಕುವ ಸ್ಥಿತಿ ಮನೆಯವರದು. ಇನ್ನೊಂದು ಸೂಚನೆಗೂ ತಡ ಸಲ್ಲದು: ನೋವಿಲ್ಲದೆ ಒಮ್ಮೆ ರಕ್ತ ಕಂಡು ಮರುದಿನ ನಿಂತುಹೋದರೂ ಅದನ್ನು ಉಷ್ಣವೆಂದು ಎಳನೀರು ಕುಡಿದು ಮರೆಯಬಾರದು. ಮೂತ್ರಕೋಶದ ಕ್ಯಾನ್ಸರ್ ಹಲವು ಸಲ ಹೀಗೆಯೇ ಮೊದಲ ಸುದ್ದಿ ಕಳಿಸುತ್ತದೆ. ಬೀಡಿ ಸಿಗರೇಟು ಸೇದುವವರಲ್ಲಿ ಅದು ಹೆಚ್ಚು.

ಮೇಷ್ಟರ ಮನೆಯಲ್ಲಿ ಹಾಗಾಗಲಿಲ್ಲವೆಂದೇ ಭಾವಿಸೋಣವಾಗಲಿ. ಮಗ ರಜೆ ಹಾಕಿ ಬಂದು, ಮೂರು ಕಡೆ ವಿಚಾರಿಸಿ, ಮೈಸೂರಿನಲ್ಲಿ ಒಬ್ಬ ವೈದ್ಯರ ಸಣ್ಣ ಚಿಕಿತ್ಸಾಲಯಕ್ಕೆ ತಂದೆತಾಯಿಗಳನ್ನು ಕರೆದೊಯ್ದ. ವೈದ್ಯರು ಅರ್ಧ ಗಂಟೆ ಕೇಳಿದರು, ಪರೀಕ್ಷಿಸಿದರು, ಸದ್ಯಕ್ಕೆ ಕತ್ತರಿ ಬೇಡ, ಮಾತ್ರೆ ಸಾಕು, ಪುಸ್ತಕ ಬರೆದು ತನ್ನಿ ಎಂದರು. ಮೇಷ್ಟರ ಮುಖ ಬಿಚ್ಚಿಕೊಂಡಿತು. ಎಲ್ಲರೂ ಏಳುತ್ತಿರುವಾಗ ಇಷ್ಟು ಹೊತ್ತೂ ಮೂಲೆಯ ಕುರ್ಚಿಯಲ್ಲಿ ಸೆರಗು ಹಿಡಿದು ಕುಳಿತಿದ್ದ ಮಡದಿ ಮೆಲ್ಲಗೆ ಕೇಳಿದರು: ‘ಡಾಕ್ಟ್ರೇ, ಇಲ್ಲಿ ಹೆಂಗಸರನ್ನೂ ನೋಡ್ತೀರಾ?’

ಕೋಣೆಯಲ್ಲಿ ಒಂದು ಗಳಿಗೆ ಮೌನ. ಕೆಮ್ಮಿದರೆ, ನಕ್ಕರೆ, ಕೊಡ ಎತ್ತಿದರೆ ಸೀರೆ ಒದ್ದೆಯಾಗುವುದು ಆಕೆಗೆ ಹತ್ತು ವರ್ಷದ ಕಥೆ. ಪ್ರಾಸ್ಟೇಟ್ ಇಲ್ಲದವರಿಗೂ ಮೂತ್ರಕೋಶ ಇದೆಯೆಂಬುದು ಆ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಗಂಡನ ಚಿಲಕದ ಸದ್ದು ಮನೆಗೆಲ್ಲ ಕೇಳುತ್ತಿತ್ತು. ಹೆಂಡತಿಯ ಬಾಧೆಗೆ ಸದ್ದೇ ಇರಲಿಲ್ಲ. ಬಸುರು ಬಾಣಂತನಗಳ ತರುವಾಯ, ಮುಟ್ಟು ನಿಂತ ಮೇಲೆ, ತಳದ ಸ್ನಾಯುಗಳು ಸಡಿಲವಾಗಿ ಬರುವ ಈ ತೊಂದರೆಗೆ ಎಷ್ಟೋ ವೇಳೆ ಶಸ್ತ್ರವೂ ಬೇಡ, ಮಾತ್ರೆಯೂ ಬೇಡ. ಕೆಳಗಿನ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ಅಭ್ಯಾಸವನ್ನು ಸರಿಯಾಗಿ ಕಲಿತು ಕನಿಷ್ಠ ಮೂರು ತಿಂಗಳು ನಿತ್ಯವೂ ಮಾಡಿದರೆ ಬಹಳ ಜನಕ್ಕೆ ಗುಣ ಕಾಣುತ್ತದೆ. ಆದರೆ ಅದನ್ನು ಹೇಳಿಕೊಡುವವರ ಮುಂದೆ ಮೊದಲು ಬಾಯಿ ಬಿಡಬೇಕು. ಚಿಕಿತ್ಸಾಲಯವನ್ನು ಆರಿಸುವಾಗ ಮನೆಯವರು ಚೀಟಿಯಲ್ಲಿ ಆರನೆಯ ಪ್ರಶ್ನೆಯೊಂದನ್ನು ಬರೆದುಕೊಳ್ಳುವುದು ಒಳ್ಳೆಯದು: ಅಲ್ಲಿ ಹೆಣ್ಣುಮಕ್ಕಳು ಸಂಕೋಚವಿಲ್ಲದೆ ಮಾತಾಡಲು ಮರೆ ಉಂಟೆ, ಜೊತೆಗೆ ನಿಲ್ಲುವ ದಾದಿ ಉಂಟೆ?

ವೈದ್ಯರು ಮತ್ತೆ ಕುರ್ಚಿಯನ್ನು ಎಳೆದುಕೊಂಡು ಕುಳಿತು, ‘ನೋಡ್ತೀನಮ್ಮ, ಹೇಳಿ’ ಎಂದರು. ಮೇಷ್ಟರೂ ಮಗನೂ ಹೊರಗೆ ಬಂದು ಹತ್ತು ಕುರ್ಚಿಗಳ ಸಾಲಿನಲ್ಲಿ ಕಾದು ಕುಳಿತರು. ಕಾಯುವುದು ಬಹಳ ಹೊತ್ತಾಯಿತು. ಆ ಹೊತ್ತಿನ ಉದ್ದದಿಂದಲೇ ತಂದೆ ಮಕ್ಕಳಿಬ್ಬರಿಗೂ ತಾವು ಸರಿಯಾದ ಬಾಗಿಲಿಗೇ ಬಂದಿದ್ದೇವೆಂದು ಮನವರಿಕೆಯಾಯಿತು.